ಮನೇಲಿ ಎಲೆಕ್ಟ್ರಿಕ್ ಬೈಕ್ ಚಾರ್ಜಿಂಗ್: ಮೆಟ್ಟಿಲ ಕೆಳಗಿನ ಪಾಯಿಂಟ್ ಸಾಕಾ, ಬೇರೆ ಲೈನ್ ಎಳೆಸ್ಬೇಕಾ?

ಹೊಸಸವಾರ_ಬೆಂಗ್ಳೂರು

ಎಲ್ರಿಗೂ ನಮಸ್ಕಾರ. ಮುಂದಿನ ವಾರ ಎಲೆಕ್ಟ್ರಿಕ್ ಬೈಕ್ ಡೆಲಿವರಿ ಇದೆ, ಬ್ಯಾಟರಿ ಫಿಕ್ಸ್ಡು, ಬಿಚ್ಕೊಂಡು ಮೇಲೆ ಒಯ್ಯೋಕೆ ಆಗಲ್ಲ. ನಾವಿರೋದು ಬಾಡಿಗೆ ಮನೆ, ಎರಡನೇ ಮಹಡಿ, ಕೆಳಗಡೆ ಓನರ್ ಮನೆಯವ್ರು, ಮಧ್ಯದಲ್ಲಿ ಇನ್ನೊಂದು ಫ್ಯಾಮಿಲಿ. ಗಾಡಿ ನಿಲ್ಸೋ ಜಾಗ ಅಂದ್ರೆ ಮೆಟ್ಟಿಲ ಕೆಳಗೆ, ಅಲ್ಲೇ ಎಲ್ಲರ ಮೀಟರ್ ಬೋರ್ಡೂ ಇರೋದು. ಓನರ್ ಅಂಕಲ್ ಒಳ್ಳೆಯವ್ರು, ಲೈಟಿನ ಬೋರ್ಡಲ್ಲಿ ಒಂದು ಐದಾಂಪ್ಸ್ ಸಾಕೆಟ್ ಇದೆ ಅದ್ರಲ್ಲೇ ಹಾಕ್ಕೊಳಪ್ಪ, ಕರೆಂಟ್ ದುಡ್ಡು ಲೆಕ್ಕ ಹಾಕಿ ಕೊಡು ಅಂದ್ರು. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯೋ ಪ್ಲಾನ್ ನಂದು. ಶೋರೂಮಲ್ಲಿ ಕೇಳಿದ್ರೆ "ಏನೂ ಆಗಲ್ಲ ಸರ್, ಮೊಬೈಲ್ ಥರಾನೇ" ಅಂತಾರೆ. ಮನೇಲಿ ಅಮ್ಮಂಗೆ ಮಾತ್ರ ಟಿವಿಲಿ ನೋಡಿದ ಬೆಂಕಿ ನೆನಪಾಗಿ ನಿದ್ದೆ ಇಲ್ಲ. ದಿನಾ ಓಡಿಸೋರು, ವೈರಿಂಗ್ ಗೊತ್ತಿರೋರು ಸ್ವಲ್ಪ ಹೇಳಿ, ಏನೇನು ನೋಡ್ಬೇಕು?

ತುಮಕೂರ್_ವೈರಿಂಗ್

ಬ್ರದರ್, ಮೊದಲನೇ ಮಾತು, ಸಾಕೆಟ್ ವಿಚಾರ ಆಮೇಲೆ ನೋಡೋಣ, ಆ ಜಾಗ ಬೇಡ. ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕ್ಲೇಬೇಡಿ. ಇಪ್ಪತ್ತು ವರ್ಷದಿಂದ ಮನೆ ವೈರಿಂಗ್ ಮಾಡ್ಕೊಂಡು ಬಂದಿದೀನಿ, ಈಗ ಇವಿ ಪಾಯಿಂಟ್ ಕೆಲಸಾನೂ ಜಾಸ್ತಿ ಬರ್ತಿದೆ, ಎಲ್ಲಾ ಕಡೆ ನಾನು ಮೊದ್ಲು ಕೇಳೋದು ಇದೇ ಪ್ರಶ್ನೆ: ಈ ಗಾಡಿಗೆ ಬೆಂಕಿ ಹತ್ಕೊಂಡ್ರೆ ಮನೆಯೋರು ಯಾವ ದಾರೀಲಿ ಹೊರಗೆ ಬರ್ತೀರಾ?

ನಿಮ್ಮ ಬಿಲ್ಡಿಂಗಲ್ಲಿ ಮೂರು ಮನೆಯವರಿಗೂ ಇರೋದು ಅದೊಂದೇ ಮೆಟ್ಟಿಲು. ಲಿಥಿಯಂ ಬ್ಯಾಟರಿ ಹೊತ್ಕೊಂಡಾಗ ಮನುಷ್ಯರು ಸಾಯೋದು ಎಷ್ಟೋ ಸಲ ಬೆಂಕಿಗಿಂತ ಹೊಗೆಯಿಂದ. 2022ರ ಮಾರ್ಚಲ್ಲಿ ವೆಲ್ಲೂರಲ್ಲಿ ರಾತ್ರಿ ಮನೇಲಿ ಚಾರ್ಜಿಗೆ ಹಾಕಿದ್ದ ಸ್ಕೂಟರ್ ಹೊತ್ಕೊಂಡು ಅಪ್ಪ ಮಗಳು ಇಬ್ರೂ ಹೋಗ್ಬಿಟ್ರು, ಉಸಿರುಗಟ್ಟಿ. ಅದೇ ವರ್ಷ ಸೆಪ್ಟೆಂಬರಲ್ಲಿ ಸಿಕಂದರಾಬಾದಲ್ಲಿ ಕೆಳಗಡೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮು, ಮೇಲ್ಗಡೆ ಲಾಡ್ಜು, ಹೊಗೆ ಮೆಟ್ಟಿಲ ದಾರೀಲೇ ಮೇಲಕ್ಕೆ ನುಗ್ಗಿ ಎಂಟು ಜನ ಸತ್ರು. ಮೆಟ್ಟಿಲ ಗೂಡು ಅಂದ್ರೆ ಹೊಗೆ ಮೇಲೇರೋದಕ್ಕೆ ರೆಡಿ ಮಾಡಿಟ್ಟ ಹಾದಿ. ಅದ್ರ ಜೊತೆ ಮೀಟರ್ ಬೋರ್ಡ್ ಬೇರೆ ಅಲ್ಲೇ ಅಂತೀರಾ, ಅಂದ್ರೆ ಮೇನ್ ಆಫ್ ಮಾಡೋಕೂ ಯಾರೂ ಹತ್ರ ಹೋಗೋಕಾಗಲ್ಲ.

ಕಾಂಪೌಂಡ್ ಒಳಗೆ ಗೇಟ್ ಪಕ್ಕ, ಗೋಡೆ ಬದಿ, ಮೇಲೆ ಶೀಟಿದ್ದು ಸೈಡು ಓಪನ್ ಇರೋ ಜಾಗ ಎಲ್ಲಾದ್ರೂ ಇದ್ಯಾ ನೋಡಿ. ಗಾಡಿ ನಿಲ್ಸೋಕೆ ಮೂರಡಿ ಸಿಕ್ಕಿದ್ರೂ ಸಾಕು. ಅಲ್ಲಿಗೆ ನಿಮ್ಮ ಮೀಟರಿಂದ ಬೇರೆ ಲೈನ್ ಎಳೆಸಿ. ಖರ್ಚಾಗತ್ತೆ, ಆದ್ರೆ ಗಾಡಿಗೆ ಒಂದೂವರೆ ಲಕ್ಷ ಹಾಕೋರು ಇದಕ್ಕೆ ಹಿಂದೆಮುಂದೆ ನೋಡ್ಬಾರ್ದು.

ಬಿಸಿಲೂರ್_ರಾಯಚೂರು

ಪೆಟ್ರೋಲ್ ಗಾಡಿಗೂ ಬೆಂಕಿ ಹತ್ತತಾವಲ್ಲರೀ, ಹಂಗಂತ ಯಾರೂ ಮೆಟ್ಟಲ ಬುಡಕ ಬೈಕ್ ನಿಲ್ಸೋದು ಬಿಟ್ಟಿಲ್ಲ. ನಾ ಇವಿ ಓಡ್ಸಾಕತ್ತಿ ಮೂರ್ನಾಲ್ಕು ವರ್ಷ ಆತು, ಏನೂ ಆಗಿಲ್ಲ. ಹೊಸಬರನ್ನ ಹೆದರಿಸಬ್ಯಾಡ್ರಿ ಅಂತ ನನ್ನ ಅಭಿಪ್ರಾಯ.

ತುಮಕೂರ್_ವೈರಿಂಗ್

@ಬಿಸಿಲೂರ್_ರಾಯಚೂರು ಹೆದರಿಸ್ತಿಲ್ಲ ಅಣ್ಣ, ನಾನೂ ಇವಿನೇ ಓಡಿಸೋದು. ಪೆಟ್ರೋಲ್ ಬೈಕಿಗೆ ಬೆಂಕಿ ಹತ್ತತ್ತೆ, ನಿಜ, ಆದ್ರೆ ಜಾಸ್ತಿ ಹತ್ತೋದು ಓಡ್ತಿರೋವಾಗ, ಇಲ್ಲಾ ಆಗಷ್ಟೇ ನಿಲ್ಸಿದಾಗ, ಎಚ್ಚರವಾಗಿರೋ ಮನುಷ್ಯ ಪಕ್ಕದಲ್ಲೇ ಇರ್ತಾನೆ. ಇದು ನಾವು ಮಲಗಿದ್ದಾಗ ಗೋಡೆಗೆ ಪ್ಲಗ್ ಆಗಿ ಕರೆಂಟ್ ಎಳೀತಾ ಇರತ್ತೆ, ವ್ಯತ್ಯಾಸ ಅಷ್ಟೇ. ಒಳ್ಳೆ ಕಂಪನಿ ಗಾಡಿಗೆ ಬೆಂಕಿ ಬೀಳೋದು ಅಪರೂಪ ಅಂತ ನಾನೂ ಒಪ್ತೀನಿ. ಅಪರೂಪಕ್ಕೆ ಆಗೋದು ಎಲ್ಲಿ ಆದ್ರೆ ಜೀವ ಉಳಿಯತ್ತೆ ಅನ್ನೋದಷ್ಟೇ ನನ್ನ ಮಾತು.

ಸೆಲ್_ಪ್ಯಾಕ್

ಬ್ಯಾಟರಿ ಸರ್ವಿಸ್ ಲೈನಲ್ಲಿ ಕೆಲಸ ಮಾಡ್ತೀನಿ, ಕಂಪನಿ ಹೆಸ್ರು ಬೇಡ. ತುಮಕೂರಿನವ್ರು ಜಾಗದ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಸೆಲ್ ಒಳಗಿನ ಕಥೆ ಸ್ವಲ್ಪ ಸೇರಿಸ್ತೀನಿ.

ಬ್ಯಾಟರಿ ಪ್ಯಾಕ್ ಅಂದ್ರೆ ಸಣ್ಣ ಸಣ್ಣ ಸೆಲ್ಲುಗಳ ಕಟ್ಟು, ನಮ್ಮ ಬೈಕುಗಳಲ್ಲಿ ಬರೋದು ಮುಖ್ಯವಾಗಿ ಎರಡು ಜಾತಿ ಸೆಲ್ಲು, ಎನ್‌ಎಂಸಿ (ನಿಕಲ್ ಮ್ಯಾಂಗನೀಸ್ ಕೋಬಾಲ್ಟ್) ಮತ್ತು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್). ಓಬೆನ್ ರೋರ್ ಥರದ ಗಾಡೀಲಿ ಎಲ್‌ಎಫ್‌ಪಿ ಇದೆ. ಎನ್‌ಎಂಸಿ ಸೆಲ್ ಫುಲ್ ಆದಾಗ 4.2 ವೋಲ್ಟು, ಎಲ್‌ಎಫ್‌ಪಿ 3.65. ಎಲ್‌ಎಫ್‌ಪಿ ಕೆರಳೋಕೆ ಜಾಸ್ತಿ ಬಿಸಿ ಬೇಕು, ಕೆರಳಿದ್ರೂ ಅಷ್ಟು ಆವೇಶ ಇರಲ್ಲ, ಆದ್ರೆ ಅದೂ ಉರಿಯಲ್ಲ ಅಂತೇನಿಲ್ಲ, ಸುಡೋ ಗ್ಯಾಸ್ ಅದೂ ಬಿಡತ್ತೆ. ಒಂದು ಸೆಲ್ ಒಳಗೆ ಶಾರ್ಟ್ ಆಯ್ತು ಅಂದ್ರೆ ಅದು ಬಿಸಿಯಾಗಿ ಪಕ್ಕದ್ದನ್ನ ಬಿಸಿ ಮಾಡತ್ತೆ, ಅದು ಅದರ ಪಕ್ಕದ್ದನ್ನ, ಹೀಗೇ ಸಾಗತ್ತೆ. ಇದನ್ನ ತಡೆಯೋಕೇ, ಕೊನೇಪಕ್ಷ ಮುಂಚೆ ಎಚ್ಚರಿಕೆ ಕೊಡೋಕೇ 2022ರ ಆ ಬೆಂಕಿಗಳು ಆದ್ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್-156 ರೂಲ್ಸ್ ಬಿಗಿ ಮಾಡಿದ್ದು, ಮೊದಲ ಹಂತ 2022 ಡಿಸೆಂಬರಿಂದ, ಎರಡನೇದು 2023 ಮಾರ್ಚ್ ಕೊನೆಯಿಂದ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಗಾಡಿ ತಯಾರಾದ ತಿಂಗಳು ನೋಡ್ಕೊಳ್ಳಿ, ನಾನಾದ್ರೆ 2023 ಏಪ್ರಿಲ್ ನಂತರದ್ದೇ ತಗೊಳ್ಳೋದು.

ಇನ್ನೊಂದು, ಚಾರ್ಜರ್ ಅದಲುಬದಲು. ಇದು ನನ್ನ ಟೇಬಲ್ಲಿಗೆ ಬರೋ ಸುಟ್ಟ ಪ್ಯಾಕುಗಳಲ್ಲಿ ಪದೇ ಪದೇ ಕಾಣೋ ಕಾರಣ. ಎರಡು ಚಾರ್ಜರ್ ಮೇಲೂ "72 ವೋಲ್ಟ್" ಅಂತಾನೇ ಬರ್ದಿರತ್ತೆ, ಕನೆಕ್ಟರೂ ಕೂರತ್ತೆ. ಆದ್ರೆ ಎನ್‌ಎಂಸಿ ಪ್ಯಾಕಲ್ಲಿ 20 ಸೆಲ್ ಸಾಲಲ್ಲಿದ್ರೆ ಫುಲ್ಲು 84 ವೋಲ್ಟ್, ಎಲ್‌ಎಫ್‌ಪಿಯಲ್ಲಿ 24 ಸೆಲ್ ಇದ್ರೆ ಫುಲ್ಲು 87.6. ಆ 87.6ರ ಚಾರ್ಜರ್ ತಂದು 84ರ ಪ್ಯಾಕಿಗೆ ಹಾಕಿದ್ರೆ ಒಂದೊಂದು ಸೆಲ್ಲಿಗೆ 4.38 ವೋಲ್ಟ್ ತನಕ ತುಂಬೋಕೆ ನೋಡತ್ತೆ. ಬಿಎಂಎಸ್, ಅಂದ್ರೆ ಬ್ಯಾಟರಿ ಕಾಯೋ ಸರ್ಕ್ಯೂಟು, ಸರಿ ಇದ್ರೆ ಕಟ್ ಮಾಡತ್ತೆ, ಸರಿ ಇಲ್ದಿದ್ರೆ ಮುಗೀತು. ಅದಕ್ಕೇ ಫ್ರೆಂಡ್ ಚಾರ್ಜರ್, ಆನ್‌ಲೈನಲ್ಲಿ ಸಿಗೋ ಫಾಸ್ಟ್ ಚಾರ್ಜರ್, ಇದ್ಯಾವುದೂ ಬೇಡ, ಗಾಡಿ ಜೊತೆ ಬಂದದ್ದು ಮಾತ್ರ. ಅದು ಕೆಟ್ರೆ ಕಂಪನಿಯಿಂದಲೇ ತರಿಸಿ, ಕಾಯಬೇಕಾದ್ರೂ ಕಾಯಿರಿ.

ಹೊಸಸವಾರ_ಬೆಂಗ್ಳೂರು

ತುಂಬಾ ಥ್ಯಾಂಕ್ಸ್ ಇಬ್ರಿಗೂ. ಗೇಟ್ ಪಕ್ಕ ಓನರ್ ಅಂಕಲ್ದು ತುಳಸಿಕಟ್ಟೆ ಇದೆ, ಅದರಾಚೆ ಗೋಡೆ ಬದಿ ಜಾಗ ಇದೆ, ಕೇಳಿ ನೋಡ್ತೀನಿ. ಈಗ ಪಾಯಿಂಟಿನ ವಿಷಯ. ನನ್ನ ಚಾರ್ಜರ್ ಪೋರ್ಟಬಲ್, 750 ವ್ಯಾಟ್ ಅಂತ ಬರ್ದಿದೆ. ಅಷ್ಟಕ್ಕೆ ಐದಾಂಪ್ಸ್ ಸಾಕೆಟ್ ಸಾಕಾಗಲ್ವಾ? ಹದಿನೈದಾಂಪ್ಸೇ ಬೇಕಾ?

ತುಮಕೂರ್_ವೈರಿಂಗ್

ಲೆಕ್ಕ ಹಾಕಿದ್ರೆ 750 ವ್ಯಾಟ್ ಅಂದ್ರೆ 230 ವೋಲ್ಟಲ್ಲಿ ಮೂರೂಕಾಲು ಆಂಪ್ಸ್ ಹತ್ರ, ಐದಾಂಪ್ಸ್ ಸಾಕೆಟ್ ತಡಿಬೇಕು. ಪೇಪರ್ ಮೇಲೆ ಸರಿ. ಆದ್ರೆ ಲೈಟ್ ಬೋರ್ಡಿನ ಸಾಕೆಟ್ಟಿಗೆ ಹಿಂದ್ಗಡೆ ಯಾವ ವೈರ್ ಇದೆ ಯಾರಿಗೂ ಗೊತ್ತಿರಲ್ಲ, ಹಳೇ ಮನೆಗಳಲ್ಲಿ ಒಂದು ಸ್ಕ್ವೇರ್ ಎಂಎಂ ದಪ್ಪದ ಸಣ್ಣ ವೈರ್ ಇರತ್ತೆ, ಸ್ವಿಚ್ಚಿಂದ ಸ್ವಿಚ್ಚಿಗೆ ಲೂಪ್ ಹೊಡೆದಿರ್ತಾರೆ, ಅರ್ತ್ ಪಿನ್ನಿಗೆ ವೈರೇ ಬಂದಿರಲ್ಲ. ಮೊಬೈಲ್ ಚಾರ್ಜರಿಗೆ ನಡೀತಿತ್ತು, ಇದು ನಾಲ್ಕೈದು ಗಂಟೆ ಒಂದೇ ಸಮ ಎಳೆಯೋ ಲೋಡು.

ಗೋಡೆಗೆ ಫಿಕ್ಸ್ ಮಾಡೋ ದೊಡ್ಡ ಚಾರ್ಜರ್ ಆದ್ರಂತೂ 3.3 ಕಿಲೋವ್ಯಾಟಿಗೆ ಹದಿನಾಲ್ಕು ಆಂಪ್ಸ್ ದಾಟತ್ತೆ. ಆಗ ಸಾಕೆಟ್ ಒಳಗಿನ ಪಟ್ಟಿ ಸ್ವಲ್ಪ ಲೂಸ್ ಇದ್ರೂ ಸಾಕು. ಹದಿನೈದು ಆಂಪ್ಸ್ ಹರಿಯೋ ಕಡೆ ಬರೀ 0.1 ಓಮ್ ರೆಸಿಸ್ಟೆನ್ಸ್ ಇದ್ರೆ ಆ ಜಾಗದಲ್ಲಿ 22 ವ್ಯಾಟ್ ಮೇಲೆ ಶಾಖ ಕೂರತ್ತೆ, ಪ್ಲಾಸ್ಟಿಕ್ ಸಾಕೆಟ್ ಒಳಗೆ ಒಂದು ಸೋಲ್ಡರಿಂಗ್ ಐರನ್ ಆನ್ ಮಾಡಿ ಇಟ್ಟಂಗೆ. ಬ್ಯಾಟರಿ ಬ್ಯಾಟರಿ ಅಂತ ಎಲ್ರೂ ಅಂತಾರೆ, ನಾನು ನೋಡಿರೋದ್ರಲ್ಲಿ ಮೊದ್ಲು ಕರಗೋದು ಸಾಕೆಟ್ಟೇ.

ಹಾಗಾಗಿ ಒಂದೇ ಸಲ ಸರಿಯಾಗಿ ಮಾಡಿಸಿಬಿಡಿ. ನಿಮ್ಮ ಮೀಟರಿಂದ ಇದಕ್ಕಂತಲೇ ಬೇರೆ ಲೈನು, 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, ದೂರ ಜಾಸ್ತಿ ಇದ್ರೆ 4. ಮುಂದೆ 16 ಆಂಪ್ಸ್ ಎಂಸಿಬಿ (ಲೋಡ್ ಜಾಸ್ತಿಯಾದ್ರೆ, ಶಾರ್ಟ್ ಆದ್ರೆ ಕಟ್ ಮಾಡೋ ಸ್ವಿಚ್ಚು), ಅದರ ಜೊತೆ 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ಕಟ್ ಮಾಡೋದು). ಅಂಗಡೀಲಿ ಆರ್‌ಸಿಸಿಬಿ ಕೇಳುವಾಗ ಟೈಪ್ ಎ ಅಂತ ಕೇಳಿ, ಸಾಮಾನ್ಯವಾಗಿ ಕೈಗೆ ಕೊಡೋದು ಟೈಪ್ ಎಸಿ, ಅದು ಚಾರ್ಜರ್ ಥರದ ಎಲೆಕ್ಟ್ರಾನಿಕ್ಸಿನ ಲೀಕೇಜನ್ನ ಎಲ್ಲಾ ಸಲ ಹಿಡಿಯಲ್ಲ. ಸಾಕೆಟ್ ಹದಿನಾರು ಆಂಪ್ಸಿಂದು, ಒಳ್ಳೆ ಕಂಪನಿದು, ಐಎಸ್‌ಐ ಮಾರ್ಕ್ ಇರೋದು, ಮಳೆ ಬೀಳೋ ಕಡೆ ಮುಚ್ಚಳ ಇರೋ ಬಾಕ್ಸಲ್ಲಿ. ಎಕ್ಸ್‌ಟೆನ್ಷನ್ ಬೋರ್ಡ್, ಟೂ ಪಿನ್ ಕನ್ವರ್ಟರ್ ಪ್ಲಗ್ಗು, ಮಲ್ಟಿಪ್ಲಗ್ಗು ಇವೆಲ್ಲ ಈ ಕೆಲಸಕ್ಕೆ ಬೇಡವೇ ಬೇಡ. ಸುತ್ತಿಟ್ಟ ವೈರ್ ರೀಲ್ ಅಂತೂ ಒಳಗೊಳಗೇ ಕಾದು ಕರಗತ್ತೆ.

ಈಗ ಅರ್ತಿಂಗ್. ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಕೆಲವು ಚಾರ್ಜರ್ ಅರ್ತ್ ಇಲ್ಲದಿದ್ರೆ ಚಾರ್ಜೇ ಆಗಲ್ಲ, ಎರರ್ ತೋರ್ಸತ್ತೆ. ಆಗ ಗೊತ್ತಿಲ್ಲದ ಎಲೆಕ್ಟ್ರಿಷಿಯನ್ನುಗಳು ಏನು ಮಾಡ್ತಾರೆ ಅಂದ್ರೆ ಸಾಕೆಟ್ ಹಿಂದೆ ನ್ಯೂಟ್ರಲ್ಲಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರ್ ಲೂಪ್ ಹಾಕ್ಬಿಡ್ತಾರೆ. ಎರರ್ ಹೋಯ್ತು, ಚಾರ್ಜ್ ಆಯ್ತು, ಐನೂರು ರೂಪಾಯಿ ತಗೊಂಡು ಹೋದ. ನಾಳೆ ಎಲ್ಲೋ ಆ ನ್ಯೂಟ್ರಲ್ ವೈರ್ ಕಟ್ ಆಯ್ತು ಅಂದ್ರೆ ಬೈಕಿನ ಹ್ಯಾಂಡಲ್ಲು, ಚಾಸಿಸ್ಸು, ಫುಟ್‌ರೆಸ್ಟು ಎಲ್ಲದರಲ್ಲೂ 230 ವೋಲ್ಟ್ ನಿಂತಿರತ್ತೆ. ಮಗು ಓಡಿಬಂದು ಮುಟ್ಟಿದ್ರೆ? ಇಂಥಾ ಕೆಲಸ ಮಾಡೋನು ನಮ್ಮ ಕಸುಬಿನವನು ಅಂತ ಹೇಳ್ಕೊಳ್ಳೋಕೂ ಲಾಯಕ್ಕಿಲ್ಲ. ನಿಮ್ಮ ಮನೇಲಿ ಯಾರಾದ್ರೂ ಹಾಗೆ ಮಾಡಿದ್ದಾರಾ ಅಂತ ಇವತ್ತೇ ಸಾಕೆಟ್ ಬಿಚ್ಚಿಸಿ ನೋಡಿ.

ಮಂಡ್ಯದ_ಗದ್ದೆಬದಿ

ಅಣ್ಣ ನಮ್ಮೂರಲ್ಲಿ ವೋಲ್ಟೇಜೇ ಒಂದು ಗೋಳು ಕಣಣ್ಣ. ಸಾಯಂಕಾಲ ಎಲ್ರೂ ಮೋಟ್ರು ಹಾಕುದ್ರೆ 170ಕ್ಕೆ ಇಳ್ಕತದೆ, ಫ್ಯಾನೇ ತಿರಗಲ್ಲ. ಚಾರ್ಜರ್ ಕೆಂಪು ಲೈಟ್ ಬಿಟ್ಕಂಡು ನಿಂತ್ಕತದೆ. ನಮ್ ಅಣ್ತಮ್ಮ ಒಬ್ಬ ತೋಟದ್ ಮನೇಲಿ ಪಂಪ್‌ಸೆಟ್ ಸ್ಟಾರ್ಟರ್ ಬೋರ್ಡಿಂದ ವೈರ್ ತಕ್ಕೊಂಡು ಹಾಕನಾ ಅಂತವ್ನೆ, ಅಲ್ಲಿ ಕರೆಂಟ್ ಗಟ್ಟಿಯಾಗ್ ಬತ್ತದಂತೆ. ಸರೀನಾ?

ತುಮಕೂರ್_ವೈರಿಂಗ್

ಬೇಡ ಅಂತ ಈಗ್ಲೇ ಫೋನ್ ಮಾಡಿ ಹೇಳಪ್ಪ. ಸ್ಟಾರ್ಟರ್ ಬೋರ್ಡಲ್ಲಿ ಇರೋದು ಮೂರು ಫೇಸು, ಎರಡು ಫೇಸಿನ ಮಧ್ಯೆ 415 ವೋಲ್ಟ್. ನ್ಯೂಟ್ರಲ್ ಅಂದ್ಕೊಂಡು ಇನ್ನೊಂದು ಫೇಸ್ ಹಿಡಿದ್ರೆ ಚಾರ್ಜರ್ ಆ ಕ್ಷಣವೇ ಢಂ. ಅಲ್ದೆ ಪಂಪ್‌ಸೆಟ್ ಕರೆಂಟು ಬೇಸಾಯಕ್ಕೆ ಅಂತ ಸರ್ಕಾರ ಕೊಡೋದು, ಅದರಲ್ಲಿ ಬೈಕ್ ಚಾರ್ಜ್ ಮಾಡಿ ಸಿಕ್ಕಿಬಿದ್ರೆ ಕನೆಕ್ಷನ್ನಿಗೇ ಸಂಚಕಾರ.

ಹಳ್ಳಿ ಮನೆಗೆ ಇನ್ನೊಂದು ಕಂಟಕ ಇದೆ. ಟ್ರಾನ್ಸ್‌ಫಾರ್ಮರ್ ಹತ್ರ ಇಲ್ಲಾ ಕಂಬದಲ್ಲಿ ನ್ಯೂಟ್ರಲ್ ಬಿಟ್ಕೊಂಡ್ರೆ ಬೀದಿಯ ಮನೆಗಳಲ್ಲಿ ವೋಲ್ಟೇಜ್ ಏರುಪೇರಾಗಿ ಕೆಲವು ಮನೆಗೆ 300 ಮೇಲೆ ಬಂದ್ಬಿಡತ್ತೆ. ಬಲ್ಬ್ ಜಗ್ ಅಂತ ಉರಿದು ಹೋಗೋದು ನೋಡಿರ್ತೀರಲ್ಲ, ಅದೇ. ಹಾಗಾಗಿ ಚಾರ್ಜಿಂಗ್ ಲೈನಿಗೆ ಓವರ್ ವೋಲ್ಟೇಜ್ ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸ್ಕೊಳ್ಳಿ, ಎಂಸಿಬಿ ಪಕ್ಕದಲ್ಲೇ ಕೂರತ್ತೆ, ಮಿತಿ ಮೀರಿದ್ರೆ ತಾನೇ ಕಟ್ ಮಾಡತ್ತೆ. ಕರೆಂಟ್ ಹೋಗಿ ಬಂದ ತಕ್ಷಣ ಸಪ್ಲೈ ಕೊಡದೆ ಸ್ವಲ್ಪ ಹೊತ್ತು ಕಾಯೋ ಮಾಡೆಲ್ಲೂ ಬರತ್ತೆ, ಅದು ಒಳ್ಳೇದು. ಮನೆ ಯುಪಿಎಸ್ ಲೈನಿಗೆ ಮಾತ್ರ ಚಾರ್ಜರ್ ಹಾಕ್ಬೇಡಿ, ಅದರ ಶಕ್ತಿ ಲೈಟು ಫ್ಯಾನಿಗಷ್ಟೇ.

ಬಿಸಿಲೂರ್_ರಾಯಚೂರು

ನ್ಯೂಟ್ರಲ್ ಲೂಪ್ ಮಾತು ಓದಿ ನಾನೂ ಸಾಕೆಟ್ ಬಿಚ್ಚಿಸಿ ನೋಡ್ದೆ, ನಮ್ಮಲ್ಲಿ ಅರ್ತ್ ವೈರ್ ಸರಿ ಐತಿ. ಈಗ ನಮ್ಮ ಕಡಿ ವಿಚಾರ ಹೇಳ್ತೀನಿ, ನಮ್ಮ ಭಾಗದವ್ರಿಗೆ ಉಪಯೋಗ ಆಗಬಹುದು. ಮೇ ತಿಂಗಳದಾಗ ಇಲ್ಲಿ ಬಿಸಿಲು 42, 43 ಡಿಗ್ರಿ. ಮಧ್ಯಾಹ್ನ ಗಾಡಿ ಹೊಡದು ಬಂದು ತಗಡಿನ ಶೆಡ್ಡಿನಾಗ ನಿಲ್ಸಿ ಹಂಗೇ ಪ್ಲಗ್ ಹಾಕಿದ್ರ ಬ್ಯಾಟರಿ ಉಸಿರು ಬಿಡಾಕ ಟೈಮ್ ಎಲ್ಲಿರತೈತಿ? ತಗಡಿನ ಶೆಡ್ಡು ಹೊರಗಿನಕಿಂತ ಜಾಸ್ತಿ ಕಾದಿರತೈತಿ. ನಾ ಬ್ಯಾಸಗಿ ಪೂರ್ತಿ ಬೆಳಿಗ್ಗೆ ನಸುಕಿನ್ಯಾಗ ಎದ್ದು ಚಾರ್ಜಿಗಿ ಹಾಕ್ತೀನಿ, ಆಗ ಗಾಳಿ ತಂಪಿರತೈತಿ, ಬ್ಯಾಟರೀನೂ ರಾತ್ರಿಯೆಲ್ಲಾ ಆರಿರತೈತಿ, ನಾನೂ ಎಚ್ಚರ ಇರ್ತೀನಿ, ದನಕ್ಕ ಮೇವು ಹಾಕಿ ಚಾ ಕುಡಿಯೂದ್ರಾಗ ಅರ್ಧಕ್ಕಿಂತ ಹೆಚ್ಚು ತುಂಬಿರತೈತಿ.

ಸೆಲ್_ಪ್ಯಾಕ್

@ಬಿಸಿಲೂರ್_ರಾಯಚೂರು ಇದು ಚಿನ್ನದಂಥ ಅಭ್ಯಾಸ ಸರ್. ಲಿಥಿಯಂ ಸೆಲ್ಲುಗಳಿಗೆ ಸಾಮಾನ್ಯವಾಗಿ ಓಡೋಕೆ 60 ಡಿಗ್ರಿ ತನಕ ಬಿಟ್ಟಿರ್ತಾರೆ, ಚಾರ್ಜ್ ಆಗೋಕೆ ಮಾತ್ರ 45ಕ್ಕೇ ಗೆರೆ. ಅಂದ್ರೆ ಬಿಸಿ ಬ್ಯಾಟರಿಯಲ್ಲಿ ಓಡಿಸೋದಕ್ಕಿಂತ ಬಿಸಿ ಬ್ಯಾಟರಿಗೆ ತುಂಬೋದು ಕೆಟ್ಟದ್ದು. ಹೊರಗೇ 43 ಇರುವಾಗ ಪ್ಯಾಕ್ ಒಳಗೆ ಎಷ್ಟಿರತ್ತೆ ಲೆಕ್ಕ ಹಾಕಿ. ಗಾಡಿ ಬಂದ್ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ನೆರಳಲ್ಲಿ ಬಿಟ್ಟು ಆಮೇಲೆ ಪ್ಲಗ್ ಹಾಕಿ. ಆ್ಯಪಲ್ಲಿ ಬ್ಯಾಟರಿ ಟೆಂಪರೇಚರ್ ತೋರ್ಸೋ ಗಾಡಿ ಆದ್ರೆ ಅದನ್ನೇ ನೋಡಿ ಹಾಕಿ.

ದಿನಾ ನೂರಕ್ಕೆ ನೂರು ತುಂಬ್ಬೇಕಾ ಅಂತ ಕೇಳ್ತಾರೆ. ಎನ್‌ಎಂಸಿ ಆದ್ರೆ ದಿನದ ಓಡಾಟಕ್ಕೆ 80, 90 ಸಾಕು, ದೂರ ಹೋಗೋ ದಿನ ಫುಲ್ ಮಾಡಿ. ಎಲ್‌ಎಫ್‌ಪಿಯಲ್ಲಿ ವೋಲ್ಟೇಜ್ ಮಧ್ಯದಲ್ಲಿ ಒಂದೇ ಸಮ ಇರೋದ್ರಿಂದ ಎಷ್ಟು ಪರ್ಸೆಂಟ್ ಉಳಿದಿದೆ ಅನ್ನೋ ಲೆಕ್ಕ ಗಾಡಿಗೆ ತಪ್ಪಿಹೋಗತ್ತೆ, ಆಗಾಗ ಫುಲ್ ಮಾಡಿದ್ರೆ ಲೆಕ್ಕಾನೂ ಸರಿಯಾಗತ್ತೆ ಸೆಲ್ಲುಗಳೂ ಸಮ ಆಗ್ತವೆ. ನಿಮ್ಮ ಗಾಡಿ ಮ್ಯಾನುಯಲ್ ಏನು ಹೇಳತ್ತೋ ಅದೇ ಕೊನೆಮಾತು. ತಿಂಗಳುಗಟ್ಟಲೆ ಊರಲ್ಲಿರಲ್ಲ ಅಂದ್ರೆ ಫುಲ್ಲೂ ಬೇಡ ಖಾಲೀನೂ ಬೇಡ, 50-60ರಲ್ಲಿ ಬಿಟ್ಟು ಹೋಗಿ, ಪ್ಲಗ್ ತೆಗೆದು.

ಕರಾವಳಿ_ಸವಾರಿ

ಇಲ್ಲಿ ಎಲ್ಲ ಚಾರ್ಜಿಂಗ್ ಬಗ್ಗೆಯೇ ಆಯ್ತು ಮಾರಾಯ್ರೆ, ಓಡಿಸುವುದರ ಬಗ್ಗೆ ಸ್ವಲ್ಪ ಹೇಳ್ತೇನೆ. ಪೆಟ್ರೋಲ್ ಬೈಕಿನಿಂದ ಬಂದವರಿಗೆ ಮೊದಲು ಅಭ್ಯಾಸ ಆಗ್ಬೇಕಾದ್ದು ಥ್ರಾಟಲ್. ಕ್ಲಚ್ ಇಲ್ಲ, ಗೇರ್ ಇಲ್ಲ, ತಿರುಗಿಸಿದ ಕೂಡ್ಲೇ ಪೂರ್ತಿ ಟಾರ್ಕ್. ಶಬ್ದ ಇಲ್ಲದ ಕಾರಣ ಗಾಡಿ ಆನ್ ಇದೆಯೋ ಆಫ್ ಇದೆಯೋ ಗೊತ್ತಾಗುವುದಿಲ್ಲ. ನಿಲ್ಲಿಸಿದ ಗಾಡಿಯಲ್ಲಿ ಮಕ್ಕಳನ್ನು ಮುಂದೆ ಕೂರಿಸಿ ಫೋನಿನಲ್ಲಿ ಮಾತಾಡ್ತಾ ನಿಲ್ಲುವವರನ್ನು ನೋಡಿದ್ದೇನೆ, ಮಗು ಆಕ್ಸಿಲರೇಟರ್ ತಿರುಗಿಸಿದರೆ ಎಂತ ಮಾಡುದು? ನಿಂತ ಕೂಡ್ಲೇ ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್, ಕೀ ಕೈಯಲ್ಲಿ. ಕೈಯಲ್ಲಿ ತಳ್ಳಿಕೊಂಡು ಹೋಗುವಾಗಲೂ ಆಫ್ ಮಾಡಿಯೇ ತಳ್ಳಿ.

ಇನ್ನು ಘಾಟಿ. ಕೊಟ್ಟಿಗೆಹಾರದಲ್ಲಿ ಉಳಿದುಕೊಂಡು ಬೆಳಿಗ್ಗೆ ಫುಲ್ ಚಾರ್ಜ್ ಮಾಡಿ ಚಾರ್ಮಾಡಿ ಇಳಿಯುವವರು ಗಮನಿಸಿ. ಇಳಿಜಾರಿನಲ್ಲಿ ಗಾಡಿಯನ್ನು ಹಿಡಿಯುವುದು ರೀಜನರೇಟಿವ್ ಬ್ರೇಕಿಂಗ್, ಅಂದ್ರೆ ಮೋಟಾರೇ ಜನರೇಟರ್ ಆಗಿ ಕರೆಂಟನ್ನು ವಾಪಸ್ ಬ್ಯಾಟರಿಗೆ ಕಳಿಸುವುದು. ಬ್ಯಾಟರಿ ನೂರು ಪರ್ಸೆಂಟ್ ತುಂಬಿದ್ರೆ ಆ ಕರೆಂಟಿಗೆ ಜಾಗ ಎಲ್ಲಿ? ಬಿಎಂಎಸ್ ರೀಜನ್ನನ್ನು ಕಮ್ಮಿ ಮಾಡ್ತದೆ ಇಲ್ಲ ನಿಲ್ಲಿಸ್ತದೆ. ಪೆಟ್ರೋಲ್ ಬೈಕಿನ ಹಾಗೆ ಗೇರ್ ಇಳಿಸಿ ಎಂಜಿನ್ನಿನ ಹಿಡಿತ ತೆಗೊಳ್ಳುವ ದಾರಿಯೂ ಇಲ್ಲ. ಗಾಡಿ ಇಳಿಯುವಾಗ ಜಾರಿದ ಹಾಗೆ ಓಡ್ತದೆ, ಎಲ್ಲ ಭಾರ ಬ್ರೇಕ್ ಪ್ಯಾಡಿನ ಮೇಲೆ. ಹಾಗಾಗಿ ಘಾಟಿಯ ಮೇಲಿಂದ ಹೊರಡುವ ದಿನ 80, 85ಕ್ಕೆ ಚಾರ್ಜ್ ನಿಲ್ಲಿಸಿ. ಆಗುಂಬೆಗೂ ಇದೇ, ಮಡಿಕೇರಿಯಿಂದ ಸಂಪಾಜೆ ಇಳಿಯುವವರಿಗೂ ಇದೇ.

ಮಳೆಯಲ್ಲಿ ಇದಕ್ಕೆ ಉಲ್ಟಾ. ರೀಜನ್ ಹಿಡಿಯುವುದು ಹಿಂದಿನ ಚಕ್ರವನ್ನು ಮಾತ್ರ. ಕೆಸರು, ಎಲೆ ಬಿದ್ದ ತಿರುವಿನಲ್ಲಿ ಥ್ರಾಟಲ್ಲನ್ನು ಪಕ್ಕನೆ ಬಿಟ್ರೆ ಜೋರು ರೀಜನ್ನಿಗೆ ಹಿಂದಿನ ಚಕ್ರ ಜಾರಿ ಹೋಗ್ತದೆ. ಅಲ್ಟ್ರಾವೈಲೆಟ್ ಎಫ್77 ತರದ ಗಾಡಿಯಲ್ಲಿ ರೀಜನ್ ಲೆವೆಲ್ ನಾವೇ ಇಟ್ಟುಕೊಳ್ಳಬಹುದು, ಮಳೆಗೆ ಕಮ್ಮಿ ಇಡಿ. ಅದಿಲ್ಲದ ಗಾಡಿಯಲ್ಲಿ ಈಕೋ ಮೋಡಿನಲ್ಲಿ ಮೆಲ್ಲ ಬಿಡ್ತಾ ಬನ್ನಿ.

ಸಮುದ್ರದ ಬದಿಯವರಿಗೆ ಇನ್ನೊಂದು: ಉಪ್ಪುಗಾಳಿಗೆ ಸಾಕೆಟ್ಟಿನ ಪಿನ್ನುಗಳಿಗೆ ಹಸಿರು ಕಿಲುಬು ಬರ್ತದೆ, ಕಿಲುಬು ಬಂದಲ್ಲಿ ತುಮಕೂರಿನವರು ಹೇಳಿದ ಆ ಶಾಖ ಶುರು. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಮೇನ್ ಆಫ್ ಮಾಡಿಸಿ ನೋಡಿಸಿ, ಬಣ್ಣ ತಿರುಗಿದ್ರೆ ಸಾಕೆಟ್ಟನ್ನೇ ಬದಲಿಸಿ. ಸಿಡಿಲು ಇದ್ದರೆ ಪ್ಲಗ್ ತೆಗೆದಿಡಿ.

ಡೆಲಿವರಿ_ಸವಾರ

ನಾನು ಫುಡ್ ಡೆಲಿವರಿ ಮಾಡ್ತೀನಿ ಸರ್, ನಮ್ಮ ಜೊತೆ ಜಾಸ್ತಿ ಜನ ಓಡ್ಸೋದು 25 ಸ್ಪೀಡಿನ, ನಂಬರ್ ಪ್ಲೇಟ್ ಬೇಡದ ಗಾಡಿ. ಬ್ಯಾಟರಿ ಬಿಚ್ಕೊಂಡು ರೂಮಿಗೆ ತಗೊಂಡು ಹೋಗ್ತಾರೆ, ಒಂದೇ ರೂಮಲ್ಲಿ ನಾಲ್ಕೈದು ಜನ ಮಲಗೋದು, ಬಾಗ್ಲ ಪಕ್ಕ ಮೂರು ಬ್ಯಾಟರಿ ಸಾಲಾಗಿ ಚಾರ್ಜಿಗೆ. ರಾತ್ರಿ ಹನ್ನೆರಡಕ್ಕೆ ಬಂದು ಮಲಗಿದ್ರೆ ಬೆಳಿಗ್ಗೆ ಏಳಕ್ಕೆ ಮತ್ತೆ ಹೊರಡ್ಬೇಕು, ಎದ್ದಿರುವಾಗ ಚಾರ್ಜ್ ಮಾಡಿ ಅಂದ್ರೆ ನಮಗೆ ಆ ಟೈಮೇ ಇಲ್ಲ. ಬ್ಯಾಟರಿ ವೀಕ್ ಆದ್ರೆ ಕಂಪನಿದು ತಗೊಳ್ಳೋಕೆ ದುಡ್ಡಿಲ್ಲ, ಲೋಕಲ್ ಅಂಗಡೀಲಿ ಹಳೇ ಸೆಲ್ ಹಾಕಿ ಕಟ್ಟಿಕೊಡ್ತಾರೆ, ಕಟ್ ಆಗ್ತಿದೆ ಅಂದ್ರೆ ಬಿಎಂಎಸ್ ಬೈಪಾಸ್ ಮಾಡಿಕೊಡ್ತಾರೆ. ನಮ್ಮಂಥೋರು ಏನ್ ಮಾಡ್ಬೇಕು ಹೇಳಿ.

ಸೆಲ್_ಪ್ಯಾಕ್

ತಮ್ಮಾ, ನೀನು ಇದನ್ನ ಇಲ್ಲಿ ಬರೆದಿದ್ದು ಒಳ್ಳೇದಾಯ್ತು. ಈ ಥ್ರೆಡ್ಡಲ್ಲಿ ಎಲ್ಲರಿಗಿಂತ ಜಾಸ್ತಿ ಅಪಾಯದಲ್ಲಿರೋದು ನೀವೇ. 2022 ಏಪ್ರಿಲಲ್ಲಿ ವಿಜಯವಾಡದಲ್ಲಿ ಬೆಡ್‌ರೂಮಲ್ಲಿ ಚಾರ್ಜಿಗಿಟ್ಟ ಬ್ಯಾಟರಿ ಸಿಡಿದು ಮನೆ ಯಜಮಾನ್ರು ತೀರ್ಕೊಂಡ್ರು, ಅದೂ ಬಿಚ್ಚಿ ತಂದ ಬ್ಯಾಟರಿನೇ.

ಬಿಎಂಎಸ್ ಬೈಪಾಸ್ ಮಾಡಿದ ಬ್ಯಾಟರಿ, ಹಳೇ ಸೆಲ್ ಹೊಸ ಸೆಲ್ ಮಿಕ್ಸ್ ಮಾಡಿ ಕಟ್ಟಿದ್ದು, ಕೆಳಗೆ ಬಿದ್ದು ಬಾಕ್ಸ್ ಡೊಂಕಾಗಿರೋದು, ಊದಿರೋದು, ಇವು ನಾಲ್ಕು ರೂಮಿನ ಒಳಗೆ ಬರ್ಲೇಬಾರ್ದು, ಎಷ್ಟೇ ದುಡ್ಡು ಉಳಿದ್ರೂ ಬೇಡ. ಉಳಿದದ್ದಕ್ಕೆ ನನಗೆ ತೋಚಿದ್ದು: ಟೆರೇಸ್ ಮೇಲೆ ಶೀಟಿನ ಕೆಳಗೆ, ಸಿಮೆಂಟ್ ನೆಲದ ಮೇಲೆ, ಅಕ್ಕಪಕ್ಕ ಬಟ್ಟೆ ಹಾಸಿಗೆ ಗ್ಯಾಸ್ ಸಿಲಿಂಡರ್ ಏನೂ ಇಲ್ಲದ ಹಾಗೆ ಒಂದು ಪಾಯಿಂಟ್ ಓನರ್ ಹತ್ರ ಎಲ್ಲರೂ ಸೇರಿ ಕೇಳಿ. ಅದು ಆಗೋ ತನಕ ಬಾಗ್ಲ ಪಕ್ಕದಿಂದ ಮಾತ್ರ ಇವತ್ತೇ ತೆಗೀರಿ, ಓಡೋ ದಾರೀಲಿ ಇಡ್ಬೇಡಿ. ನಿಮ್ಮ ಏರಿಯಾದಲ್ಲಿ ಬ್ಯಾಟರಿ ಸ್ವಾಪ್ ಮಾಡೋ, ಅಂದ್ರೆ ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದು ತಗೊಳ್ಳೋ ಸ್ಟೇಷನ್ ಇದ್ರೆ ಬಾಡಿಗೆ ಲೆಕ್ಕ ಹಾಕಿ ನೋಡಿ, ಚಾರ್ಜಿಂಗ್ ಅನ್ನೋದೇ ರೂಮಿಂದ ಹೊರಗೆ ಹೋಗತ್ತೆ. ನಿಮ್ಮನ್ನ ಕೆಲಸಕ್ಕೆ ಇಟ್ಕೊಂಡಿರೋ ಕಂಪನಿಗಳು ಇದಕ್ಕೊಂದು ವ್ಯವಸ್ಥೆ ಮಾಡ್ಬೇಕು, ಅದನ್ನ ನಿಮ್ಮ ಯೂನಿಯನ್ನಲ್ಲೂ ಎತ್ತಿ ಅಂತ ನಾನಂತೂ ಹೇಳ್ತೀನಿ.

ಅಸೋಸಿಯೇಷನ್_ಅಕ್ಕ

ನಾನು ವೈಟ್‌ಫೀಲ್ಡ್ ಕಡೆ ಒಂದು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಲ್ಲಿದ್ದೀನಿ. ನಮ್ಮಲ್ಲಿ ಮೂರನೇ ಫ್ಲೋರ್ ಬಾಲ್ಕನಿಯಿಂದ ಕೆಳಗೆ ಎಕ್ಸ್‌ಟೆನ್ಷನ್ ವೈರ್ ಇಳಿಬಿಟ್ಟು ಚಾರ್ಜ್ ಮಾಡ್ತಿದ್ರು, ಮಳೇಲೂ ಸಹ. ಬರೀ ಬೇಡ ಅಂದ್ರೆ ಜಗಳ, ಅದಕ್ಕೆ ಬೇರೆ ದಾರಿ ಕೊಟ್ವಿ. ರ‍್ಯಾಂಪ್ ಪಕ್ಕ ಗಾಳಿಯಾಡೋ ಕಡೆ ಪಾಯಿಂಟುಗಳು, ಒಂದೊಂದಕ್ಕೂ ಸಬ್ ಮೀಟರ್, ಎಂಸಿಬಿ, ಆರ್‌ಸಿಸಿಬಿ, ಎಲ್ಲಕ್ಕೂ ಸೇರಿ ಸೆಕ್ಯೂರಿಟಿ ಕ್ಯಾಬಿನ್ ಹತ್ರ ಒಂದು ಮೇನ್ ಸ್ವಿಚ್. ಜನರೇಟರ್ ರೂಮು, ಗ್ಯಾಸ್ ಬ್ಯಾಂಕು, ಲಿಫ್ಟ್ ಲಾಬಿ ಇವುಗಳ ಹತ್ರ ಬೇಡ ಅಂತ ಮೊದಲೇ ಗೆರೆ ಎಳೆದ್ವಿ. ಕೆಲವು ಅಸೋಸಿಯೇಷನ್ ಇವಿ ಪೂರ್ತಿ ಬ್ಯಾನ್ ಮಾಡ್ತಾರೆ, ಅದು ಸರಿಯಲ್ಲ, ಬ್ಯಾನ್ ಮಾಡಿದ್ರೆ ಜನ ಕದ್ದುಮುಚ್ಚಿ ಮಾಡ್ತಾರೆ. ಸ್ವಂತ ಗಾಡಿನ ಮನೇಲಿರೋ ಕನೆಕ್ಷನ್ನಿಂದ ಚಾರ್ಜ್ ಮಾಡ್ಬಹುದು ಅಂತ ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿಯಲ್ಲೇ ಹೇಳಿದ್ರು. ಲೋಡ್ ಜಾಸ್ತಿ ಆಗೋದಾದ್ರೆ ಬೆಸ್ಕಾಂಗೆ ಅರ್ಜಿ ಹಾಕಿ ಸ್ಯಾಂಕ್ಷನ್ ಲೋಡ್ ಏರಿಸ್ಕೊಳ್ಳಿ.

ನನ್ನ ಪ್ರಶ್ನೆ: ಬೆಂಕಿ ನಂದಿಸೋ ಸಿಲಿಂಡರ್ ಯಾವುದಿಡ್ಬೇಕು? ಮತ್ತೆ ಬೇಸ್‌ಮೆಂಟಿಗೆ ಮಳೆ ನೀರು ನುಗ್ಗಿದ್ರೆ ಗಾಡಿ ಏನು ಮಾಡ್ಬೇಕು? ಪ್ರತಿ ಮಳೆಗಾಲ ನಮಗಿದೇ ಭಯ.

ಸೆಲ್_ಪ್ಯಾಕ್

ಮೇಡಂ, ಎಬಿಸಿ ಪೌಡರ್ ಸಿಲಿಂಡರ್ ಇಟ್ಕೊಳ್ಳಿ, ಸಾಕೆಟ್ಟಿಗೋ ವೈರಿಗೋ ಹತ್ತಿದ ಬೆಂಕಿಗೆ, ಅದೂ ಕರೆಂಟ್ ಆಫ್ ಮಾಡಿದ ಮೇಲೆ, ಅದು ಸಾಕು. ಬ್ಯಾಟರಿನೇ ಹೊತ್ಕೊಂಡ್ರೆ ಪೌಡರ್ ಮೇಲಿನ ಜ್ವಾಲೆನ ಒತ್ತಬಹುದು, ಒಳಗಿನ ಬಿಸಿ ಇಳಿಸಲ್ಲ, ಮತ್ತೆ ಹೊತ್ಕೊಳ್ಳತ್ತೆ. ಅದನ್ನ ತಣಿಸೋದು ತುಂಬಾ ತುಂಬಾ ನೀರು, ಅದು ಫೈರ್ ಬ್ರಿಗೇಡಿನವರ ಕೆಲಸ. ನಮ್ಮ ಕೆಲಸ ಇಷ್ಟೇ: ದೂರದಿಂದ ಮೇನ್ ಆಫ್, ಎಲ್ರನ್ನೂ ಹೊರಗೆ ಕರ್ಕೊಂಡು ಬರೋದು, 101 ಇಲ್ಲಾ 112ಕ್ಕೆ ಫೋನು, ಫೋನಲ್ಲೇ "ಲಿಥಿಯಂ ಬ್ಯಾಟರಿ ಗಾಡಿ" ಅಂತ ಹೇಳೋದು. ಉರಿಯೋ ಗಾಡಿನ ಎಳ್ಕೊಂಡು ಹೊರಗೆ ತರೋ ಸಾಹಸ ಬೇಡ, ಆ ಹೊಗೇಲಿ ಹೈಡ್ರೋಜನ್ ಫ್ಲೋರೈಡ್ ಇರತ್ತೆ, ಒಂದೆರಡು ಉಸಿರಿಗೇ ಶ್ವಾಸಕೋಶಕ್ಕೆ ಪೆಟ್ಟು. ಆರಿದ ಮೇಲೂ ಎಷ್ಟೋ ಗಂಟೆ ಬಿಟ್ಟು ಮತ್ತೆ ಹತ್ತಬಹುದು, ಹಾಗಾಗಿ ಬಯಲಲ್ಲಿ, ಬೇರೆ ಗಾಡಿಗಳಿಂದ ದೂರ ಇರಲಿ.

ಬೆಂಕಿಗೆ ಮುಂಚೆ ಸೂಚನೆ ಸಿಗೋದೂ ಉಂಟು: ನೇಲ್ ಪಾಲಿಶ್ ಥರದ ಸಿಹಿ ವಾಸನೆ, ಉಸ್ ಅನ್ನೋ ಶಬ್ದ, ಬಾಕ್ಸ್ ಊದೋದು, ಚಾರ್ಜ್ ಪರ್ಸೆಂಟ್ ಇದ್ದಕ್ಕಿದ್ದಂಗೆ ಧೊಪ್ ಅಂತ ಬೀಳೋದು. ಬಿಳಿ ಹೊಗೆ ಕಂಡ್ರೆ ಒಂದು ಸೆಕೆಂಡೂ ನಿಲ್ಬೇಡಿ.

ನೀರಿನ ವಿಚಾರ. ಬ್ಯಾಟರಿಗೆ ಕೊಡೋ ಐಪಿ67 ರೇಟಿಂಗ್ ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೀಬೇಕು ಅಂತ, ಅದೂ ಹೊಸ ಸೀಲು, ಶುದ್ಧ ನೀರಿನ ಟೆಸ್ಟು. ಬೇಸ್‌ಮೆಂಟಿಗೆ ನುಗ್ಗೋದು ಮೋರಿ ನೀರು, ರಾತ್ರಿ ಪೂರ್ತಿ ನಿಲ್ಲತ್ತೆ. ಮಳೆ ಜೋರಿದ್ರೆ ಮುಂಚೆನೇ ಮೇಲೆ ತಂದು ನಿಲ್ಸಿ. ಮುಳುಗಿದ್ದ ಗಾಡಿನ ಆನ್ ಮಾಡ್ಬೇಡಿ, ಚಾರ್ಜಿಗೆ ಹಾಕ್ಬೇಡಿ, ಒಣಗಿದೆಯಲ್ಲ ಅಂತ ಎರಡು ದಿನ ಬಿಟ್ಟೂ ಹಾಕ್ಬೇಡಿ. ಬಿಲ್ಡಿಂಗಿಂದ ದೂರ ನಿಲ್ಸಿ ಸರ್ವಿಸಿನವರನ್ನ ಕರೀರಿ. ಜೋರಾಗಿ ಬಿದ್ದ ಗಾಡಿ, ಬ್ಯಾಟರಿ ಬಾಕ್ಸಿಗೆ ಕಲ್ಲು ಹೊಡೆದ ಗಾಡಿಗೂ ಇದೇ ರೂಲ್ಸು.

ಹೊಸಸವಾರ_ಬೆಂಗ್ಳೂರು

ಈ ಥ್ರೆಡ್ ಪೂರ್ತಿ ಓನರ್ ಅಂಕಲ್‌ಗೆ ಓದಿ ಹೇಳ್ದೆ. ಸಿಕಂದರಾಬಾದ್ ವಿಷಯ ಕೇಳಿ ಅವರೇ ಮೆಟ್ಟಿಲ ಕೆಳಗೆ ಬೇಡ ಅಂದ್ರು, ಗೇಟ್ ಪಕ್ಕದ ಗೋಡೆ ಒಪ್ಪಿದ್ದಾರೆ, ವೈರಿಂಗ್ ಖರ್ಚಲ್ಲಿ ಅರ್ಧ ಕೊಡ್ತೀನಿ ಅಂತಾನೂ ಅಂದ್ರು, ನಾಳೆ ಬೇರೆ ಬಾಡಿಗೆಯವರಿಗೂ ಆಗತ್ತೆ ಅಂತ. ಚಾರ್ಜಿಂಗನ್ನ ಸಂಜೆ ಆಫೀಸಿಂದ ಬಂದು ಗಾಡಿ ಆರಿದ ಮೇಲೆ ಏಳರಿಂದ ಹನ್ನೊಂದರ ಒಳಗೆ ಮುಗಿಸ್ಕೊಳ್ತೀನಿ, ಅಮ್ಮನೂ ಒಪ್ಪಿದ್ರು. ಒಂದೇ ಡೌಟು ಉಳಿದಿದೆ, ಮನೆ ಇಪ್ಪತ್ತೈದು ವರ್ಷ ಹಳೇದು, ಅರ್ತಿಂಗ್ ಗುಂಡಿ ಎಲ್ಲಿದೆ ಅಂತ ಅಂಕಲ್‌ಗೇ ನೆನಪಿಲ್ಲ. ಅರ್ತ್ ಕೆಲಸ ಮಾಡ್ತಿದ್ಯಾ ಇಲ್ವಾ ಅಂತ ತಿಳ್ಕೊಳ್ಳೋದು ಹೇಗೆ?

ತುಮಕೂರ್_ವೈರಿಂಗ್

ನಿಮ್ಮ ಎಲೆಕ್ಟ್ರಿಷಿಯನ್ ಹತ್ರ ಈ ಕೆಲಸ ಮಾಡಿಸಿ, ನೀವೇ ಮಾಡೋಕೆ ಹೋಗ್ಬೇಡಿ. ಮೊದ್ಲು ಮಲ್ಟಿಮೀಟರಲ್ಲಿ ನ್ಯೂಟ್ರಲ್ಲಿಗೂ ಅರ್ತಿಗೂ ಮಧ್ಯೆ ಎಷ್ಟು ವೋಲ್ಟ್ ಅಂತ ನೋಡ್ಲಿ, ಮನೇಲಿ ಗೀಸರೋ ಐರನ್ ಬಾಕ್ಸೋ ಆನ್ ಇಟ್ಟು ನೋಡ್ಬೇಕು, ಎರಡು ಮೂರು ವೋಲ್ಟ್ ಒಳಗಿದ್ರೆ ಪರವಾಗಿಲ್ಲ. ಆದ್ರೆ ಬರೀ ಸೊನ್ನೆ ಬಂತು ಅಂದ್ರೂ ಅನುಮಾನ ಪಡಿ, ಯಾರೋ ಲೂಪ್ ಹಾಕಿರ್ಬಹುದು. ಮಲ್ಟಿಮೀಟರ್ ಫೇಸ್ ಅರ್ತ್ ಮಧ್ಯೆ 230 ತೋರ್ಸಿದ ಮಾತ್ರಕ್ಕೆ ಅರ್ತ್ ಗಟ್ಟಿ ಅಂತಲ್ಲ, ವೀಕ್ ಆದ ಅರ್ತಲ್ಲೂ ಅದು ತೋರ್ಸತ್ತೆ. ಫೇಸ್ ಅರ್ತ್ ಮಧ್ಯೆ ನೂರು ವ್ಯಾಟಿನ ಹಳೇ ಬಲ್ಬ್ ಹಚ್ಚಿ ನೋಡಿದ್ರೆ ಸತ್ಯ ಗೊತ್ತಾಗತ್ತೆ, ಪೂರ್ತಿ ಬೆಳಕು ಬಂದ್ರೆ ಕರೆಂಟ್ ಹರಿಯೋ ದಾರಿ ಇದೆ, ಮಂಕಾದ್ರೆ ಇಲ್ಲ. ಲೈನಲ್ಲಿ ಆರ್‌ಸಿಸಿಬಿ ಇದ್ರೆ ಬಲ್ಬ್ ಹಚ್ಚಿದ ಕೂಡ್ಲೇ ಟ್ರಿಪ್ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಮುಂದಕ್ಕೆ ಹೋಗ್ಬೇಡಿ, ಎಲ್ಲಿ ತಪ್ಪಿದೆ ಹುಡುಕಿಸಿ.

ಗುಂಡಿ ಎಲ್ಲಿದೆ ಗೊತ್ತಿಲ್ಲ ಅಂದ್ರೆ ಹೊಸದೇ ಮಾಡಿಸಿ. ಎರಡೂವರೆ ಮೀಟರಿನ ಜಿಐ ಪೈಪು ಇಲ್ಲಾ ತಾಮ್ರ ಲೇಪ ಇರೋ ರಾಡು, ಗೇಟ್ ಪಕ್ಕದ ಮಣ್ಣಲ್ಲೇ ಆಗತ್ತೆ, ತುಳಸಿಕಟ್ಟೆ ಬುಡಕ್ಕೆ ತಾಗದ ಹಾಗೆ ಸ್ವಲ್ಪ ದೂರ ಇರಲಿ, ಗೋಡೆ ಪಾಯದಿಂದಾನೂ. ಪೈಪಿನ ಬಾಯಿ ಮೇಲೆ ಮುಚ್ಚಳ ಇರೋ ಚೇಂಬರ್ ಕಟ್ಟಿಸಿ, ಬೇಸಿಗೇಲಿ ವಾರಕ್ಕೊಮ್ಮೆ ಒಂದು ಬಿಂದಿಗೆ ನೀರು ಹುಯ್ಯೋಕೆ ಅನುಕೂಲ. ಆ ಅರ್ತನ್ನ ಮನೆಯ ಹಳೇ ಅರ್ತ್ ವೈರಿಗೂ ಸೇರಿಸ್ಬೇಕು, ಮೇಲಿನ ಎರಡು ಮನೆಗೂ ಅದರ ಲಾಭ ಸಿಗತ್ತೆ. ಆರ್‌ಸಿಸಿಬಿ ಮೇಲೆ "ಟಿ" ಅಂತ ಒಂದು ಸಣ್ಣ ಬಟನ್ ಇರತ್ತೆ, ತಿಂಗಳಿಗೊಂದ್ಸಲ ಒತ್ತಿ, ಟಕ್ ಅಂತ ಬೀಳ್ಬೇಕು. ಕೆಲಸ ಆದ್ಮೇಲೆ ಬೋರ್ಡಿನ ಫೋಟೋ ಇಲ್ಲಿ ಹಾಕಿ, ವೈರ್ ಸೈಜು ಕನೆಕ್ಷನ್ನು ನೋಡಿ ಹೇಳ್ತೀನಿ, ಅಲ್ಲಿ ತನಕ ಡೆಲಿವರಿ ಬಂದ್ರೂ ಶೋರೂಮಲ್ಲೇ ಫುಲ್ ಚಾರ್ಜ್ ಮಾಡಿಸ್ಕೊಂಡು ಬಂದು ಓಡ್ಸಿ.